ಬಿದ್ದ ಮೇಲೆ ಕಾರ್ಖಾನೆ, ಬೀಳೋಕೆ ಮುಂಚೆ ಅಲ್ಲ

ದರ್ಶಿನಿಯಲ್ಲಿ ದೋಸೆಗೆ ಕಾಯ್ತಾ ಇರುವಾಗ ಒಳಗಿನ ಅಡುಗೆಮನೆ ಕಡೆ ಒಮ್ಮೆ ಕಣ್ಣು ಹಾಯಿಸಿ. ಕಾವಲಿಯಿಂದ ಸಿಡಿದ ಎಣ್ಣೆ, ಗ್ರೈಂಡರ್ ತೊಳೆದ ನೀರು, ಅದರ ಮೇಲೇ ಸವೆದ ಚಪ್ಪಲಿಯಲ್ಲಿ ಬಿಸಿ ಸಾಂಬಾರ್ ಹೊತ್ತು ಓಡಾಡೋ ಹುಡುಗರು. ಅಲ್ಲಿ ಜಾರಿದ್ರೆ ಮೂಳೆ ಮುರಿಯೋದಷ್ಟೇ ಅಲ್ಲ, ಮೈಯೂ ಸುಡುತ್ತೆ. ಆ ನೆಲದ ಬಗ್ಗೆ ನಮ್ಮ ಕಾನೂನು ಏನು ಹೇಳ್ತಾ ಬಂದಿದೆ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಒಂದು ವಿಚಿತ್ರ ಕಥೆ.

1948ರ ಕಾರ್ಖಾನೆ ಕಾಯ್ದೆಯ 32ನೇ ಸೆಕ್ಷನ್ ಇದ್ದದ್ದು ನೆಲ, ಮೆಟ್ಟಿಲು, ಓಡಾಡೋ ದಾರಿಗಳ ಬಗ್ಗೆ. ಇವು ಗಟ್ಟಿಯಾಗಿ, ಸುಸ್ಥಿತಿಯಲ್ಲಿ ಇರಬೇಕು ಅಂತ ಮೊದಲಿಂದಲೂ ಇತ್ತು. ದಾರಿಗೆ ಅಡ್ಡ ಏನೂ ಇರಬಾರದು, ಕಾಲು ಜಾರಿಸುವಂಥದ್ದು ನೆಲದ ಮೇಲೆ ಇರಬಾರದು ಅನ್ನೋ ಮಾತು ಸೇರಿದ್ದು 1976ರ ತಿದ್ದುಪಡಿಯಲ್ಲಿ.

ಒಳ್ಳೇದೇ ಆಯ್ತಲ್ಲ ಅಂತೀರಾ? ಅದೇ ತಿದ್ದುಪಡಿ ‘ಕಾರ್ಖಾನೆ’ಯ ವ್ಯಾಖ್ಯಾನವನ್ನೂ ಬದಲಿಸಿತು. ಹೋಟೆಲ್, ರೆಸ್ಟೋರೆಂಟ್, ಊಟ-ತಿಂಡಿಯ ಜಾಗ ಯಾವುದೂ ಕಾರ್ಖಾನೆ ಅಲ್ಲ ಅಂದುಬಿಡ್ತು. ಜಾರೋ ನೆಲದ ಬಗ್ಗೆ ನಿಯಮ ಬಂದ ಗಳಿಗೆಯಲ್ಲೇ, ಎಣ್ಣೆ-ನೀರು ಎರಡೂ ಚೆಲ್ಲೋ ಜಾಗ ಆ ನಿಯಮದಿಂದ ಹೊರಗೆ ಹೋಯ್ತು!

ಕಥೆಗೆ ತಿರುವು ಬಂದದ್ದು 1993ರಲ್ಲಿ. ಜಿ.ಎಲ್. ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಡುಗೆ ಮಾಡೋದೂ ಒಂದು ಉತ್ಪಾದನೆಯೇ, ಹಾಗಾಗಿ ಇಎಸ್‌ಐ ವಿಮೆಯ ಮಟ್ಟಿಗೆ ಹೋಟೆಲ್ ಕಾರ್ಖಾನೆಯೇ ಅಂತು. ಇಎಸ್‌ಐ ಇದ್ದವರು ಕೆಲಸದಲ್ಲಿ ಬಿದ್ದು ಗಾಯ ಮಾಡ್ಕೊಂಡರೆ ಚಿಕಿತ್ಸೆ ಸಿಗುತ್ತೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಸುಮಾರು 90% ಹಣವೂ ಬರುತ್ತೆ.

ಅಂದ್ರೆ ಒಂದೇ ಅಡುಗೆಮನೆ, ಕಾನೂನಿನ ಕಣ್ಣಲ್ಲಿ ಎರಡು ರೂಪ. ಬಿದ್ದ ಮೇಲೆ ದುಡ್ಡು ಕೊಡೋಕೆ ಅದು ಕಾರ್ಖಾನೆ. ಬೀಳದ ಹಾಗೆ ನೆಲ ಒರೆಸಿಡೋಕೆ ಅಲ್ಲ.

2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಈ ಅಂತರವನ್ನು ಸ್ವಲ್ಪ ಕಡಿಮೆ ಮಾಡಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅದರಲ್ಲೂ ಹೋಟೆಲ್ ‘ಕಾರ್ಖಾನೆ’ ಅಲ್ಲ. ಆದರೆ 10 ಅಥವಾ ಹೆಚ್ಚು ಕೆಲಸಗಾರರಿರೋ ಯಾವುದೇ ಸಂಸ್ಥೆಯಲ್ಲಿ, ಗಾಯ ಮಾಡುವ ಅಪಾಯ ಇಲ್ಲದಂತೆ ನೋಡ್ಕೊಳ್ಳೋದು ಮಾಲೀಕರ ಹೊಣೆ. ಒಬ್ಬ ಭಟ್ಟರು, ಇಬ್ಬರು ಸಪ್ಲೈಯರ್, ಒಬ್ಬ ಕ್ಲೀನರ್ ಇರೋ ಬೀದಿ ಬದಿಯ ಹೋಟೆಲ್ ಆ ಲೆಕ್ಕಕ್ಕೆ ಬರೋದಿಲ್ಲ.

ನೀವೋ ನಿಮ್ಮ ಗೆಳೆಯರೋ ಹೋಟೆಲ್ ಅಡುಗೆಮನೆಯಲ್ಲಿ ದುಡೀತಿದ್ರೆ ಎರಡು ಕೆಲಸ ಮಾಡಿ. ನಿಮ್ಮ ಇಎಸ್‌ಐ ನಂಬರ್ ಏನು ಅಂತ ಇವತ್ತೇ ಕೇಳಿ. ಜಾರಿ ಬಿದ್ರೆ, ನೋವು ಕಡಿಮೆ ಅನ್ನಿಸಿದ್ರೂ, ಅವತ್ತೇ ಮಾಲೀಕರಿಗೆ ತಿಳಿಸಿ ಅಪಘಾತದ ಪುಸ್ತಕದಲ್ಲಿ ಬರೆಸಿ. ನೆಲ ಒಣಗುತ್ತೆ, ಬರೆದದ್ದು ಉಳಿಯುತ್ತೆ.