ಉಡುಪಿ ಪುರಸಭೆ: ನಾನು ಪಾಠ ಮಾಡದೆ ಬಿಟ್ಟ ಅಧ್ಯಾಯ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಹುಡುಗ ಎಂಟನೆಯ ತರಗತಿ. ಉಡುಪಿ ನಗರ ಮತ್ತು ಅದರ ನಗರಸಭೆಯ ಕುರಿತು ಅವನು ಶಾಲೆಯಲ್ಲಿ ಪ್ರಬಂಧ ಒಪ್ಪಿಸಬೇಕಿತ್ತು. “ನೀವು ನಮಗೆ ಈ ಪಾಠ ಮಾಡಿದ್ದೀರಲ್ಲ ಸರ್, ಇವನಿಗೂ ಸ್ವಲ್ಪ ಹೇಳಿ” ಎಂದಳು. ಹೇಳಿದೆ. ಆದರೆ ಅವರು ಹೋದ ಮೇಲೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಅಂದು ತರಗತಿಯಲ್ಲಿ ಹೇಳದೆ ಬಿಟ್ಟದ್ದನ್ನು ಈಗಲಾದರೂ ಬರೆಯೋಣವೆಂದು ಕುಳಿತಿದ್ದೇನೆ.

ಉಡುಪಿ ಎಂದರೆ ಹೊರಗಿನವರಿಗೆ ಕೃಷ್ಣಮಠ, ಮಸಾಲೆದೋಸೆ, ಪಕ್ಕದ ಮಣಿಪಾಲ. ಇವು ಮೂರೂ ನಿಜವೇ. ಆದರೆ ರಥಬೀದಿಯಲ್ಲಿ ನಿಂತು ತೇರು ನೋಡಿದವನಿಗೆ ಊರಿನ ಮುಖ ಮಾತ್ರ ಕಂಡೀತು. ಊರು ನಡೆಯುವ ಬಗೆ ತಿಳಿಯಬೇಕಾದರೆ ಹಿತ್ತಿಲ ಓಣಿಗಳನ್ನು ನೋಡಬೇಕು. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ನಮ್ಮ ಪುರಸಭೆಯೂ ಮದರಾಸಿನ ಕಾನೂನಿನ ಕೂಸು. ಅನಂತರ 1964ರ ಪುರಸಭೆಗಳ ಅಧಿನಿಯಮ ಬಂದಿತು. ಜನರು ಸದಸ್ಯರನ್ನು ಆರಿಸುವುದು, ಸದಸ್ಯರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುವುದು, ತೆರಿಗೆ, ದೀಪ, ಚರಂಡಿ: ಇಷ್ಟನ್ನು ನಾನು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ನೀವು ಬಾಯಿಪಾಠ ಮಾಡುತ್ತಿದ್ದಿರಿ. ಪರೀಕ್ಷೆಗೆ ಅದು ಸಾಕಾಗುತ್ತಿತ್ತು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಕಕ್ಕಸು ಹಿತ್ತಿಲಿನ ಕೊನೆಯಲ್ಲಿತ್ತು. ಅದರ ಹಿಂಬದಿಗೆ ಓಣಿಯ ಕಡೆ ತೆರೆಯುವ ಒಂದು ಸಣ್ಣ ಬಾಗಿಲು. ಬೆಳಗಿನ ಹೊತ್ತು ಓಣಿಯಲ್ಲಿ ತಗಡಿನ ಬಾಲ್ದಿಯ ಸದ್ದು ಕೇಳಿದೊಡನೆ ಅಜ್ಜಿ, “ಮಕ್ಕಳೇ, ಒಳಗೆ ಬನ್ನಿ” ಎಂದು ಕರೆಯುತ್ತಿದ್ದರು. ನಾವು ಒಳಗೆ ಓಡುತ್ತಿದ್ದೆವು. ಒಬ್ಬ ಹೆಂಗಸು ಬಂದು, ಆ ಬಾಗಿಲು ತೆರೆದು, ತುಂಬಿದ್ದನ್ನು ತನ್ನ ಬಾಲ್ದಿಗೆ ಸುರಿದುಕೊಂಡು, ತಲೆಯ ಮೇಲಿಟ್ಟು ನಡೆಯುತ್ತಿದ್ದಳು. ಮಳೆಗಾಲದಲ್ಲಿ ಮೇಲಿನಿಂದ ಮಳೆ ನೀರು, ಬಾಲ್ದಿಯಿಂದ ಇನ್ನೊಂದು ನೀರು. ಅಜ್ಜಿ ದೂರದಿಂದ ಗೆರಟೆಗೆ ಗಂಜಿ ಎರೆಯುತ್ತಿದ್ದುದುಂಟು. ಅವಳ ಹೆಸರನ್ನು ನಾವು ಯಾರೂ ಕೇಳಲಿಲ್ಲ. ಎಲ್ಲರ ಬಾಯಲ್ಲಿಯೂ ಅವಳ ಹೆಸರು ‘ತೋಟಿ’ ಎಂದಷ್ಟೇ. ಕರಾವಳಿಯ ಪಟ್ಟಣಗಳಲ್ಲಿ ಈ ಕೆಲಸಕ್ಕೆ ಕೊರಗ ಸಮುದಾಯದವರನ್ನು ಹಚ್ಚುವುದು ರೂಢಿಯಾಗಿತ್ತು. ಆ ಸಮುದಾಯಕ್ಕೆ ಅಂಟಿಸಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ನಮ್ಮ ರಾಜ್ಯ 2000ನೆಯ ಇಸವಿಯವರೆಗೆ ಕಾಯಬೇಕಾಯಿತು.

1968ರಲ್ಲಿ ಊರಿನಲ್ಲಿ ಒಂದು ಬದಲಾವಣೆಯಾಯಿತು. ಮೂವತ್ತು ತುಂಬದ ಒಬ್ಬ ವೈದ್ಯರು, ಡಾ. ವಿ. ಎಸ್. ಆಚಾರ್ಯರು, ಪುರಸಭೆಯ ಅಧ್ಯಕ್ಷರಾದರು. ದಕ್ಷಿಣ ಭಾರತದಲ್ಲಿ ಜನಸಂಘಕ್ಕೆ ದೊರೆತ ಮೊದಲ ಪುರಸಭೆ ಇದೆಂದು ರಾಜಕೀಯದವರು ನೆನೆಯುತ್ತಾರೆ. ಹಿತ್ತಿಲ ಓಣಿಯ ಲೆಕ್ಕ ಬೇರೆ. ಅವರ ಅಧಿಕಾರಾವಧಿಯಲ್ಲಿ ಉಡುಪಿಯಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಂತಿತು. ಇದನ್ನು ಕೈಬಿಟ್ಟ ದೇಶದ ಮೊದಮೊದಲ ಪುರಸಭೆಗಳಲ್ಲಿ ನಮ್ಮದೂ ಒಂದು.

ಹೇಳುವುದಕ್ಕೆ ಇದು ಒಂದು ವಾಕ್ಯ. ಮಾಡುವುದಕ್ಕೆ ಹಾಗಲ್ಲ. ಬಾಲ್ದಿ ನಿಲ್ಲಬೇಕಾದರೆ ಒಣ ಕಕ್ಕಸು ಹೋಗಿ ಗುಂಡಿಯ ಕಕ್ಕಸು ಬರಬೇಕು. ಅದಕ್ಕೆ ಮನೆಯವರು ಹಣ ಹಾಕಬೇಕು. ನಮ್ಮದು ಮುರಕಲ್ಲಿನ ನೆಲ, ನೀರು ಸುಲಭವಾಗಿ ಇಳಿಯುತ್ತದೆ. ಮನೆಮನೆಗೂ ಬಾವಿ. ಗುಂಡಿ ತೋಡಿದರೆ ಬಾವಿಗೆ ಏನಾದೀತೋ ಎಂಬ ಭಯ. ಎಲ್ಲಕ್ಕಿಂತ ಮುಖ್ಯವಾಗಿ, ಇಂತಹ ಕಕ್ಕಸಿಗೆ ನೀರು ಬೇಕು. ಸ್ವರ್ಣಾ ನದಿಯ ನೀರನ್ನು ಪಟ್ಟಣಕ್ಕೆ ತಂದ ಹಿರಿಮೆಯೂ ಆಚಾರ್ಯರ ಆಡಳಿತಕ್ಕೇ ಸಲ್ಲುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ನಮ್ಮ ತಂದೆಯವರು ಖರ್ಚಿನ ಬಗ್ಗೆ ವಾರಗಟ್ಟಲೆ ಗೊಣಗಿದರು. “ನಡೆದುಕೊಂಡು ಬಂದದ್ದಕ್ಕೆ ಏನಾಗಿತ್ತು?” ಎಂದರು. ನಡೆದುಕೊಂಡು ಬರುತ್ತಿದ್ದವಳನ್ನು ಯಾರೂ ಕೇಳಿರಲಿಲ್ಲ.

ಒಬ್ಬರಿಗೇ ಎಲ್ಲ ಕೀರ್ತಿಯನ್ನು ಕಟ್ಟುವುದು ಇತಿಹಾಸದ ಮೇಷ್ಟರಿಗೆ ಶೋಭಿಸುವುದಿಲ್ಲ. ದೇವರಾಜ ಅರಸರ ಸರಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಇದೇ ನಿಷೇಧವನ್ನು ಇಡೀ ರಾಜ್ಯಕ್ಕೆ ತಂದರು. 1973ರ ಬೂಸಾ ವಿವಾದದಿಂದ ಅವರನ್ನು ಅರಿತವರು ಈ ಕೆಲಸವನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ. ಆಚಾರ್ಯರ ಪಕ್ಷ ಬೇರೆ, ಬಸವಲಿಂಗಪ್ಪನವರ ಪಕ್ಷ ಬೇರೆ. ಇಬ್ಬರೂ ಇಳಿಸಿದ್ದು ಒಂದೇ ಬಾಲ್ದಿಯನ್ನು. ಸಂಸತ್ತು ಇದಕ್ಕೆ ಕಾಯಿದೆ ಮಾಡಿದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು.

ನಮ್ಮ ಪುರಸಭೆಯಿಂದ ಮೇಲೆ ಹೋದವರು ಇನ್ನೂ ಇದ್ದಾರೆ. ಆಸ್ಕರ್ ಫರ್ನಾಂಡಿಸರು 1970ರ ದಶಕದಲ್ಲಿ ಇಲ್ಲಿ ಸದಸ್ಯರಾಗಿದ್ದರು, ಆಮೇಲೆ ಉಡುಪಿಯಿಂದ ಐದು ಬಾರಿ ಲೋಕಸಭೆಗೆ ಹೋಗಿ ಕೇಂದ್ರ ಸಚಿವರಾದರು, 2021ರಲ್ಲಿ ತೀರಿಕೊಂಡರು. ಆಚಾರ್ಯರು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡು, ಮುಂದೆ ರಾಜ್ಯದ ಗೃಹಸಚಿವರಾಗಿ, 2012ರ ಫೆಬ್ರವರಿಯಲ್ಲಿ ಉನ್ನತ ಶಿಕ್ಷಣ ಸಚಿವರಾಗಿರುವಾಗಲೇ ನಿಧನರಾದರು. ಎಷ್ಟು ದೊಡ್ಡ ಹುದ್ದೆ ಹಿಡಿದರೂ ಅವರನ್ನು ನಾನು ನೆನೆಯುವುದು ಪುರಸಭೆಯ ಅಧ್ಯಕ್ಷರೆಂದೇ.

ಇನ್ನು ನನ್ನ ಅಪರಾಧದ ಮಾತು. ಸ್ಥಳೀಯ ಸಂಸ್ಥೆಗಳ ಪಾಠದ ದಿನ ನಾನು, “ನಿಮ್ಮ ಮನೆಯವರು ಯಾರಾದರೂ ಪುರಸಭೆಯಲ್ಲಿದ್ದಾರೆಯೇ?” ಎಂದು ಕೇಳಿದೆ. ಸದಸ್ಯರ ಮಕ್ಕಳು ಎದ್ದು ನಿಂತಾರೆಂಬ ಎಣಿಕೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, “ನಮ್ಮ ಅಜ್ಜಿ ಇದ್ದರು ಸರ್, ಬಾಲ್ದಿ ಹೊರುತ್ತಿದ್ದರು” ಎಂದಳು. ತರಗತಿ ನಕ್ಕಿತು. ನಾನು ನಗುವನ್ನು ಗದರಿಸಲಿಲ್ಲ. “ಕೂತುಕೋ” ಎಂದು ಹೇಳಿ, ಹಲಗೆಯ ಕಡೆ ತಿರುಗಿ, ಪುರಸಭೆಯ ಆದಾಯದ ಮೂಲಗಳನ್ನು ಬರೆಯತೊಡಗಿದೆ. ಬೆನ್ನ ಹಿಂದೆ ಅವಳು ಕುಳಿತ ಸದ್ದು ಕೇಳಿಸಿತು. ಅಂದು ಆ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಕ್ಕವರಿಗಿಂತ ನನ್ನ ತಪ್ಪೇ ದೊಡ್ಡದೆಂದು ತಿಳಿಯಬೇಕು.

ಮಗನೊಡನೆ ಬಂದವಳು ಅವಳೇ. ಹುಡುಗನಿಗೆ ನಾನು ಇಂದಿನ ವಿಷಯವನ್ನೂ ಹೇಳಿದೆ: ಪುರಸಭೆ ನಗರಸಭೆಯಾದದ್ದು, ಮಲ್ಪೆ, ಮಣಿಪಾಲ ಸೇರಿ ಮೂವತ್ತೈದು ವಾರ್ಡುಗಳಾದದ್ದು, 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಾದದ್ದು, 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟು ಬತ್ತಿ ನಲ್ಲಿಗಳು ಒಣಗಿದ್ದು. ಕಲ್ಸಂಕದ ಬಳಿ ಹರಿಯುವ ಇಂದ್ರಾಣಿ ಹೊಳೆಗೆ ಊರಿನ ಕೊಳಚೆ ಸೇರಿ ದಡದವರ ಬಾವಿಗಳು ಕೆಟ್ಟ ಕಥೆಯನ್ನೂ ಬಿಡಲಿಲ್ಲ. ಹುಡುಗ ಬರೆದುಕೊಳ್ಳುತ್ತಿದ್ದ.

ಹೊರಡುವಾಗ ನಾನು ಅವಳೊಡನೆ, “ಅಂದು ತರಗತಿಯಲ್ಲಿ ನಿನಗೆ ಹಾಗಾಗಬಾರದಿತ್ತು” ಎಂದೆ. ಅವಳು ಚಪ್ಪಲಿ ಮೆಟ್ಟುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇನ್ನು ಬಾಲ್ದಿ ಬೇಡ ಅಂದ ದಿನ ಅಜ್ಜಿ ಅದನ್ನು ಮನೆಗೆ ತಂದಿದ್ದರಂತೆ ಸರ್. ಉಜ್ಜಿ ಉಜ್ಜಿ ತೊಳೆದು ಮಾಡಿನಡಿ ಬೋರಲು ಹಾಕಿದ್ದರಂತೆ. ಯಾರಿಗೂ ಮುಟ್ಟಲು ಬಿಡಲಿಲ್ಲ” ಎಂದಳು.

ಅಜ್ಜಿಯ ಹೆಸರು ಕೇಳಿದೆ. ಹೇಳಿದಳು. ಹುಡುಗ ಮತ್ತೆ ಪುಸ್ತಕ ತೆರೆದು ಅದನ್ನೂ ಬರೆದುಕೊಂಡ.