ಆಪ್ತ ಸಮಾಲೋಚನೆ: ಸ್ನಾತಕೋತ್ತರ ಪದವಿಯ ನಂತರ ಮುಂದೇನು?

ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದವರಿಗೆ ಎದುರಾಗುವ ಮೊದಲ ಗೊಂದಲ ಪದನಾಮದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಕೌನ್ಸೆಲಿಂಗ್ ಸೈಕಾಲಜಿಸ್ಟ್ ಎರಡೂ ಒಂದೇ ಎಂಬ ಭಾವನೆ ವ್ಯಾಪಕವಾಗಿದೆ. ಕಾನೂನಿನ ದೃಷ್ಟಿಯಲ್ಲಿ ಇವು ಬೇರೆ ಬೇರೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಶಿಕ್ಷಣ ಹಾಗೂ ನೋಂದಣಿ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್‌ಗಳ ಎರಡು ವರ್ಷದ ಎಂ.ಫಿಲ್. ಇದಕ್ಕೆ ಹೆಸರಾಗಿದ್ದವು. ಆದರೆ ಯುಜಿಸಿ 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಈ ವಿಷಯಕ್ಕೆ 2025–26ನೇ ಸಾಲಿನವರೆಗೆ ವಿನಾಯಿತಿ ನೀಡಿತು. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಕೋರ್ಸಿನ ಮಾನ್ಯತೆಯನ್ನು ಮಂಡಳಿಯಲ್ಲೇ ಪರಿಶೀಲಿಸುವುದು ಕ್ಷೇಮ.

ಸಮಾಲೋಚಕರಿಗೆ ಇಂತಹ ಕಟ್ಟುಪಾಡು ಬಹುಕಾಲ ಇರಲಿಲ್ಲ. ಮೂರು ತಿಂಗಳ ಪ್ರಮಾಣಪತ್ರ ಪಡೆದವರೂ ಫಲಕ ತೂಗುಹಾಕಬಹುದಾದ ಸ್ಥಿತಿಯಲ್ಲಿ ನಷ್ಟ ಅನುಭವಿಸುವವರು ನೊಂದು ಬಂದವರೇ. ವೈದ್ಯಕೀಯ ಪೂರಕ ವೃತ್ತಿಗಳ ಕುರಿತ 2021ರ ರಾಷ್ಟ್ರೀಯ ಆಯೋಗ ಕಾಯ್ದೆಯು ಮನಃಶಾಸ್ತ್ರಜ್ಞರನ್ನೂ ಕೆಲವು ಬಗೆಯ ಸಮಾಲೋಚಕರನ್ನೂ ತನ್ನ ಪಟ್ಟಿಗೆ ಸೇರಿಸಿದ್ದು, ನೋಂದಣಿಗೆ ಅವಕಾಶ ಕಲ್ಪಿಸಿದೆ.

ಪದವಿಗಿಂತ ಮುಖ್ಯವಾದದ್ದು ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮಾಡುವ ಅಭ್ಯಾಸ. ಪ್ರತಿ ಪ್ರಕರಣದ ಟಿಪ್ಪಣಿ ಬರೆದು, ಹಿರಿಯರೊಡನೆ ಚರ್ಚಿಸಿ, ತಾನು ಎಲ್ಲಿ ಅವಸರಪಟ್ಟೆ, ಎಲ್ಲಿ ಉಪದೇಶಕ್ಕಿಳಿದೆ ಎಂಬುದನ್ನು ಅರಿಯಲು ಕನಿಷ್ಠ ಒಂದೆರಡು ವರ್ಷ ಮೀಸಲಿಡಬೇಕು. ಆತ್ಮಹತ್ಯೆಯ ಯೋಚನೆ, ಭ್ರಮೆ ಮುಂತಾದ ಲಕ್ಷಣಗಳು ಕಂಡಾಗ ಮನೋವೈದ್ಯರ ಬಳಿಗೆ ಕಳುಹಿಸಲೇಬೇಕು. ಔಷಧ ಬರೆಯುವ ಅಧಿಕಾರ ಸಮಾಲೋಚಕರಿಗಿಲ್ಲ. ಈ ತರಬೇತಿಗೆ ಸಂಬಳ ಕಡಿಮೆ, ಕೆಲವೆಡೆ ಕೈಯಿಂದಲೇ ಹಣ ತೆರಬೇಕು. ಮಧ್ಯಮ ವರ್ಗದ ಮನೆಗಳಲ್ಲಿ ಅಸಮಾಧಾನ ಹುಟ್ಟುವುದೂ ಇಲ್ಲಿಯೇ.

ಉದ್ಯೋಗಗಳಿಗೆ ಕೊರತೆಯಿಲ್ಲ. ಶಾಲೆ, ಆಸ್ಪತ್ರೆ, ಎಚ್‌ಐವಿ ಪರೀಕ್ಷಾ ಕೇಂದ್ರ, ಖಾಸಗಿ ಕಂಪನಿಗಳಲ್ಲಿ ಸಮಾಲೋಚಕರಿದ್ದಾರೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯೂ ಅವರ ನೇಮಕಕ್ಕೆ ಅವಕಾಶ ನೀಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಕರೆ ಸ್ವೀಕರಿಸುವವರೂ ತರಬೇತಿ ಪಡೆದ ಸಮಾಲೋಚಕರೇ. ಸ್ವಂತ ಕೇಂದ್ರ ತೆರೆಯುವುದನ್ನು ಮಾತ್ರ ಆರಂಭದಲ್ಲಿಯೇ ಯೋಚಿಸದಿರುವುದು ಲೇಸು.

ಭಾಷೆಯ ತೊಡಕು ಇನ್ನೊಂದು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಎದುರು ಕುಳಿತವರು ಹೇಳುವುದು ‘ಎದೆ ಭಾರ’, ‘ತಲೆಬಿಸಿ’, ‘ಯಾವುದರಲ್ಲೂ ಮನಸ್ಸಿಲ್ಲ’ ಎಂದು. ಇದರಲ್ಲಿ ಆತಂಕ ಯಾವುದು, ಖಿನ್ನತೆ ಯಾವುದು, ಬರಿಯ ದಣಿವು ಯಾವುದು ಎಂದು ಗುರುತಿಸುವುದನ್ನು ಪಠ್ಯಪುಸ್ತಕ ಕಲಿಸುವುದಿಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಈ ನುಡಿಗಟ್ಟನ್ನು ಕಲಿಯಲು ಹೊಸಬರಿಗೆ ಇಂದಿಗೂ ನೆರವಾಗುತ್ತವೆ.