ಮಿದುಳಿಗೆ ಹರಡಿದ ಸ್ತನ ಕ್ಯಾನ್ಸರಿನ ಚಿಕಿತ್ಸೆ

ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳು ರಕ್ತದೊಡನೆ ಸಾಗಿ ಮಿದುಳಿನಲ್ಲಿ ನೆಲೆಯೂರಿದರೆ ಅದು ಮಿದುಳಿನ ಕ್ಯಾನ್ಸರ್ ಆಗುವುದಿಲ್ಲ. ಆ ಕೋಶಗಳ ಮೂಲ ಸ್ತನವೇ, ಮತ್ತು ಚಿಕಿತ್ಸೆಯ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಆ ಮೂಲಗುಣವೇ. ಮಿದುಳಿಗೆ ಹರಡುವ ಕ್ಯಾನ್ಸರುಗಳಲ್ಲಿ ಶ್ವಾಸಕೋಶದ್ದು ಮೊದಲನೆಯದು, ಸ್ತನದ್ದು ಎರಡನೆಯದು. ಹರ್-2 ಪ್ರೋಟೀನು ಅತಿಯಾಗಿರುವ ಬಗೆಯಲ್ಲೂ ಹಾರ್ಮೋನ್ ಗ್ರಾಹಕಗಳೂ ಹರ್-2 ಕೂಡ ಇಲ್ಲದ ಟ್ರಿಪಲ್ ನೆಗೆಟಿವ್ ಬಗೆಯಲ್ಲೂ, ರೋಗ ದೇಹದಲ್ಲಿ ಹರಡಿದ ಮೇಲೆ ಸುಮಾರು ಮೂವರಲ್ಲಿ ಒಬ್ಬರಿಗಾದರೂ ಅದು ಮಿದುಳನ್ನು ಮುಟ್ಟುತ್ತದೆ. ಹಾರ್ಮೋನ್ ಗ್ರಾಹಕಗಳಿದ್ದು ಹರ್-2 ಇಲ್ಲದ ಬಗೆಯಲ್ಲಿ ಈ ಪ್ರಮಾಣ ಬಹಳ ಕಡಿಮೆ.

ಮಿದುಳಿನ ಲೋಮನಾಳಗಳ ಗೋಡೆಯಲ್ಲಿ ಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿರುತ್ತವೆ. ರಕ್ತದಲ್ಲಿ ಹರಿಯುವ ಅನೇಕ ಔಷಧಗಳನ್ನು ಈ ತಡೆಗೋಡೆ ಒಳಗೆ ಬಿಡುವುದಿಲ್ಲ. ಅಮೆರಿಕದಲ್ಲಿ 1998ರಲ್ಲಿ ಮಂಜೂರಾದ ಟ್ರಾಸ್ಟುಜುಮಾಬ್ ಎಂಬ ಔಷಧ ಹರ್-2 ರೋಗಿಗಳ ಆಯುಷ್ಯವನ್ನು ಹೆಚ್ಚಿಸಿತು. ಆದರೆ ಅದರ ಅಣು ತೀರ ದೊಡ್ಡದು. ಹೀಗಾಗಿ ಯಕೃತ್ತು, ಶ್ವಾಸಕೋಶಗಳಲ್ಲಿ ರೋಗ ಹಿಡಿತಕ್ಕೆ ಬಂದಿದ್ದಾಗಲೇ ಮಿದುಳಿನಲ್ಲಿ ಹೊಸ ಗಡ್ಡೆಗಳು ಕಾಣಿಸಿಕೊಳ್ಳುವುದು ಅಪರೂಪವಲ್ಲದ ಸಂಗತಿಯಾಯಿತು.

ಬಿಡದ ತಲೆನೋವು, ಬೆಳಗಿನ ಹೊತ್ತಿನ ವಾಂತಿ, ಫಿಟ್ಸ್, ಒಂದು ಕೈಯೋ ಕಾಲೋ ಸೋಲುವುದು, ನಡಿಗೆ ತೂರಾಡುವುದು, ಮಾತು ತಡವರಿಸುವುದು, ಸ್ವಭಾವ ಬದಲಾಗುವುದು ಮುಖ್ಯ ಲಕ್ಷಣಗಳು. ಕಾಂಟ್ರಾಸ್ಟ್ ಕೊಟ್ಟು ಮಾಡುವ ಎಂ.ಆರ್.ಐ. ಸ್ಕ್ಯಾನಿನಲ್ಲಿ ಕೆಲವೇ ಮಿಲಿಮೀಟರಿನ ಗಡ್ಡೆಯೂ ಕಾಣುತ್ತದೆ. ಗಡ್ಡೆಯ ಸುತ್ತ ನೀರು ತುಂಬಿ ಮಿದುಳು ಊದಿಕೊಂಡಿದ್ದರೆ ಮೊದಲು ಕೊಡುವುದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಒಂದೆರಡು ದಿನಗಳಲ್ಲೇ ತಲೆನೋವು, ವಾಂತಿ ಇಳಿಯುವುದುಂಟು. ಇದು ಗಡ್ಡೆಯನ್ನು ಕರಗಿಸುವುದಿಲ್ಲ, ಬಹುಕಾಲ ಕೊಟ್ಟರೆ ಸಕ್ಕರೆ ಏರುತ್ತದೆ, ತೊಡೆಯ ಸ್ನಾಯುಗಳು ಸೊರಗುತ್ತವೆ. ಆದ್ದರಿಂದ ಸಾಧ್ಯವಾದ ಕೂಡಲೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಫಿಟ್ಸ್ ಬಂದವರಿಗೆ ಲೆವೆಟಿರಾಸೆಟಮ್‌ನಂಥ ಮಾತ್ರೆ ಬೇಕು; ಬಾರದವರಿಗೆ ಮುನ್ನೆಚ್ಚರಿಕೆಯೆಂದು ಕೊಡುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಒಂದೇ ಗಡ್ಡೆಯಿದ್ದು, ಅದು ದೊಡ್ಡದಾಗಿ ಮಿದುಳನ್ನು ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲ ಸ್ಥಾನ. 1990ರಲ್ಲಿ ಅಮೆರಿಕದ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರು ಬೇರೆ ಬೇರೆ ಕ್ಯಾನ್ಸರುಗಳ 48 ರೋಗಿಗಳಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಗಡ್ಡೆ ತೆಗೆದು ವಿಕಿರಣ ಕೊಟ್ಟವರು ಮಧ್ಯಾಂಕ ಲೆಕ್ಕದಲ್ಲಿ 40 ವಾರ ಬದುಕಿದರು, ಬರಿಯ ವಿಕಿರಣ ಪಡೆದವರು 15 ವಾರ. ತೆಗೆದ ಗಡ್ಡೆಯನ್ನು ಮತ್ತೆ ಪರೀಕ್ಷಿಸುವುದರಿಂದ ಇನ್ನೊಂದು ಲಾಭವಿದೆ: ಸ್ತನದ ಗಡ್ಡೆಯಲ್ಲಿದ್ದ ಗ್ರಾಹಕಗಳು ಮಿದುಳಿನ ಗಡ್ಡೆಯಲ್ಲಿ ಬದಲಾಗಿರಬಹುದು, ಆಗ ಔಷಧವೂ ಬದಲಾಗುತ್ತದೆ.

ಹಿಂದೆ ಬಹುತೇಕ ಎಲ್ಲರಿಗೂ ಇಡೀ ಮಿದುಳಿಗೆ ವಿಕಿರಣ ಕೊಡುತ್ತಿದ್ದರು. 10 ದಿನಗಳಲ್ಲಿ 30 ಗ್ರೇ ವಾಡಿಕೆಯ ಪ್ರಮಾಣ. ಗಡ್ಡೆಗಳು ಕುಗ್ಗುತ್ತವೆ, ಆದರೆ ಕೂದಲು ಉದುರುತ್ತದೆ, ತಿಂಗಳುಗಳು ಕಳೆದಂತೆ ನೆನಪಿನ ಶಕ್ತಿ ಮಸುಕಾಗುತ್ತದೆ. ರೋಗಿ ವರ್ಷಗಟ್ಟಲೆ ಬದುಕುವ ಸಾಧ್ಯತೆ ಇರುವಾಗ ಈ ನಷ್ಟ ಚಿಕ್ಕದಲ್ಲ. ಗಡ್ಡೆಗಳು ಕೆಲವೇ ಇದ್ದರೆ ಈಗ ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಸರ್ಜರಿಯೇ ಮೇಲು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮಂಡಿಸಿದ ಈ ವಿಧಾನದಲ್ಲಿ ಹಲವು ದಿಕ್ಕಿನ ಕಿರಣಗಳು ಗಡ್ಡೆಯೊಂದರಲ್ಲೇ ಸಂಧಿಸುತ್ತವೆ, ಸುತ್ತಲಿನ ಮಿದುಳು ಬಹುಪಾಲು ಉಳಿಯುತ್ತದೆ. ಜಪಾನಿನಲ್ಲಿ 1,194 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5ರಿಂದ 10 ಗಡ್ಡೆಗಳಿದ್ದವರ ಬದುಕುಳಿಯುವಿಕೆ 2ರಿಂದ 4 ಇದ್ದವರಿಗಿಂತ ಕಡಿಮೆಯಾಗಿರಲಿಲ್ಲ. ಗಡ್ಡೆಗಳು ತುಂಬ ಹರಡಿದ್ದು ಇಡೀ ಮಿದುಳಿಗೇ ವಿಕಿರಣ ಬೇಕಾದಾಗ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವನ್ನು ಕಿರಣಗಳಿಂದ ತಪ್ಪಿಸಿ ಮೆಮಂಟೀನ್ ಮಾತ್ರೆ ಕೊಡುವ ಕ್ರಮವಿದೆ.

ಅತಿ ದೊಡ್ಡ ಬದಲಾವಣೆ ಆಗಿರುವುದು ಹರ್-2 ರೋಗದ ಔಷಧಗಳಲ್ಲಿ. ಟುಕಾಟಿನಿಬ್ ಸಣ್ಣ ಅಣುವಿನ ಮಾತ್ರೆ. ಇದನ್ನು ಟ್ರಾಸ್ಟುಜುಮಾಬ್, ಕ್ಯಾಪೆಸಿಟಬೀನ್ ಜೊತೆ ಕೊಟ್ಟು ಪರೀಕ್ಷಿಸಿದ, ಒಟ್ಟು 612 ರೋಗಿಗಳಿದ್ದ ಹರ್2ಕ್ಲೈಂಬ್ ಪ್ರಯೋಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಿದುಳಿನಲ್ಲಿ ರೋಗವಿತ್ತು. ಇಂಥವರನ್ನು ಪ್ರಯೋಗಗಳಿಂದ ಹೊರಗಿಡುವುದೇ ರೂಢಿಯಾಗಿದ್ದ ಕಾಲದಲ್ಲಿ ಇದು ಮಹತ್ವದ ಹೆಜ್ಜೆ. ಅವರಲ್ಲಿ ವರ್ಷ ಕಳೆದರೂ ರೋಗ ಮುಂದುವರಿಯದವರ ಪ್ರಮಾಣ ಟುಕಾಟಿನಿಬ್ ಪಡೆದ ಗುಂಪಿನಲ್ಲಿ ಸುಮಾರು ಶೇ. 25, ಪಡೆಯದ ಗುಂಪಿನಲ್ಲಿ ಸೊನ್ನೆ. ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕನ್ ದೊಡ್ಡ ಅಣುವೇ ಆದರೂ ಮಿದುಳಿನ ಗಡ್ಡೆಗಳನ್ನು ಗಣನೀಯವಾಗಿ ಕುಗ್ಗಿಸುತ್ತದೆ. ಗಡ್ಡೆ ಬೆಳೆದಲ್ಲಿ ತಡೆಗೋಡೆಯೂ ಶಿಥಿಲವಾಗಿರುವುದು ಇದಕ್ಕೆ ಒಂದು ಕಾರಣ. ಈ ಔಷಧ ಪಡೆಯುವವರಿಗೆ ಹೊಸದಾಗಿ ಕೆಮ್ಮು, ಉಬ್ಬಸ ಬಂದರೆ ಶ್ವಾಸಕೋಶದ ಉರಿಯೂತವನ್ನು ಕೂಡಲೇ ಶಂಕಿಸಬೇಕು. ಬೆಲೆ ಮಾತ್ರ ದೊಡ್ಡ ಅಡ್ಡಿ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮಾಬ್‌ನ ಸಮರೂಪಿ ಔಷಧವನ್ನು ಮಾರುಕಟ್ಟೆಗೆ ತಂದಿತು. ಹೊಸ ಔಷಧಗಳೂ ಹಾಗೆ ಕೈಗೆಟುಕುವುದು ಅಗತ್ಯ.

ಟ್ರಿಪಲ್ ನೆಗೆಟಿವ್ ರೋಗಿಗಳಿಗೆ ಇಷ್ಟು ಪರಿಣಾಮಕಾರಿ ಅಸ್ತ್ರಗಳಿಲ್ಲ. ವಿಕಿರಣ, ಶಸ್ತ್ರಚಿಕಿತ್ಸೆ, ಕೀಮೋಥೆರಪಿಗಳ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಬಿ.ಆರ್.ಸಿ.ಎ. ಜೀನಿನಲ್ಲಿ ದೋಷ ಇದ್ದವರಿಗೆ ಓಲಾಪರಿಬ್‌ನಂಥ ಮಾತ್ರೆಗಳುಂಟು. ರೋಗ ಮಿದುಳಿನ ಪೊರೆಗಳಿಗೂ ಬೆನ್ನುಹುರಿಯ ದ್ರವಕ್ಕೂ ಹರಡಿದ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಮೆಥೋಟ್ರೆಕ್ಸೇಟನ್ನು ನೇರವಾಗಿ ಆ ದ್ರವಕ್ಕೇ ಕೊಡುವುದುಂಟು. ನೋವು, ವಾಂತಿ, ನಿದ್ರಾಹೀನತೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆ ರೋಗ ಪತ್ತೆಯಾದ ದಿನದಿಂದಲೇ ಜೊತೆಗಿರಬೇಕು.

ಚಿಕಿತ್ಸೆಯ ನಂತರ ಎರಡು ಮೂರು ತಿಂಗಳಿಗೊಮ್ಮೆ ಎಂ.ಆರ್.ಐ. ಮಾಡಲಾಗುತ್ತದೆ. ರೇಡಿಯೋಸರ್ಜರಿಯಾದ ಜಾಗದಲ್ಲಿ ತಿಂಗಳುಗಳ ಬಳಿಕ ಊತ ಮರುಕಳಿಸಿದರೆ ಅದು ಬೆಳೆಯುತ್ತಿರುವ ಗಡ್ಡೆಯಾಗಿರಬಹುದು, ವಿಕಿರಣದಿಂದ ಸತ್ತ ಅಂಗಾಂಶವೂ ಆಗಿರಬಹುದು. ಸ್ಕ್ಯಾನಿನಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ, ಔಷಧ ಬದಲಿಸುವ ಮುನ್ನ ಕೆಲವೊಮ್ಮೆ ಬಯಾಪ್ಸಿಯೇ ಬೇಕಾಗುತ್ತದೆ.